ಬಾನಿ ಮತ್ತು ಕ್ಲೈಡ್: ಒಂದು ಚಲಚ್ಚಿತ್ರವೂ ಅದರ ವಿಮರ್ಶಕರೂ

ಸಂಸ್ಕೃತ ಪಾಠಶಾಲೆಯಲ್ಲಿ ಸಾಹಿತ್ಯದರ್ಪಣವನ್ನೂ ಧ್ವನ್ಯಾಲೋಕವನ್ನೂ ಗುರುಮುಖದಿಂದ ಕೇಳಿ, ಅನಂತರ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರಿಗೆ ಪಾಠ ಹೇಳಿ, ಈಗ ವಿಶ್ರಾಂತನಾಗಿ ಮನೆಯಲ್ಲಿ ಕುಳಿತಿರುವವನಿಗೆ ಅಮೆರಿಕಾ ದೇಶದ ದರೋಡೆಗಾರರ ಚಲಚ್ಚಿತ್ರದಲ್ಲಿ ಏನು ಕೆಲಸವೆಂದು ವಾಚಕ ಮಹಾಶಯರು ಕೇಳಬಹುದು. ಕೇಳುವುದು ನ್ಯಾಯವೇ. ನಾನಾಗಿ ಅದರ ಬಳಿಗೆ ಹೋದವನಲ್ಲ. ಹೋದ ಬೇಸಗೆಯಲ್ಲಿ ಮಗಳ ಮನೆಯಲ್ಲಿದ್ದಾಗ ಒಂದು ರಾತ್ರಿ ಊಟವಾದ ಮೇಲೆ ಅಳಿಯಂದಿರು ‘ಬಾನಿ ಅಂಡ್ ಕ್ಲೈಡ್’ ಎಂಬ ಚಿತ್ರವನ್ನು ಹಾಕಿದರು. ಮೊದಲ ಅರ್ಧ ಗಂಟೆ ನಾನೂ ಎಲ್ಲರೊಡನೆ ನಕ್ಕೆನು. ಆಮೇಲೆ ತೆರೆಯ ಮೇಲೆ ಒಂದು ಕೊಲೆಯಾಯಿತು. ಆ ಕೊಲೆಯ ಹಿಂದಿನ ಕ್ಷಣದವರೆಗೂ ನಾನು ನಗುತ್ತಿದ್ದೆನೆಂಬುದು ಮನಸ್ಸಿಗೆ ಬಂದು ಹೇಸಿಗೆಯಾಯಿತು. ‘ಹೆಣದ ಮುಂದೆ ಹಾಸ್ಯವೆ? ಇದು ರಸಾಭಾಸ’ ಎಂದು ಹೇಳಿ ಎದ್ದು ಮಲಗಲು ಹೋದೆನು. (ರಸವಿರೋಧವೆನ್ನಬೇಕಾಗಿದ್ದಿತು, ಸಿಟ್ಟಿನಲ್ಲಿ ಪರಿಭಾಷೆ ತಪ್ಪಿತು.) ಮರುದಿನ ಬೆಳಗ್ಗೆ ಕಾಫಿ ತಂದುಕೊಟ್ಟ ಮಗಳು, ‘ಅಪ್ಪ, ನೀವು ರಾತ್ರಿ ಹೇಳಿದ ಮಾತನ್ನೇ ೧೯೬೭ರಲ್ಲಿ ನ್ಯೂಯಾರ್ಕಿನ ದೊಡ್ಡ ವಿಮರ್ಶಕರೊಬ್ಬರು ಬರೆದು ಹೆಸರು ಕೆಡಿಸಿಕೊಂಡರಂತೆ’ ಎಂದಳು. ಹಾಗೆ ಹೆಸರು ಕೆಡಿಸಿಕೊಂಡವನಾರು, ಅವನು ಕಂಡುದರಲ್ಲಿ ತಪ್ಪೇನು, ಸರಿಯೇನು ಎಂದು ತಿಳಿಯಹೊರಟುದರ ಫಲವೇ ಈ ಲೇಖನ.

ಚಿತ್ರಕ್ಕೆ ಮೂಲವಾದ, ನಿಜವಾಗಿ ನಡೆದ ಸಂಗತಿಯನ್ನು ಮೊದಲು ಸಂಗ್ರಹವಾಗಿ ಹೇಳುವೆನು. ೧೯೨೯ರಲ್ಲಿ ಅಮೆರಿಕದ ಹಣದ ವ್ಯವಹಾರವು ಕುಸಿದುಬಿದ್ದ ಮೇಲೆ ಸಾವಿರಾರು ಬ್ಯಾಂಕುಗಳು ಬಾಗಿಲು ಹಾಕಿದುವು. ಸಾಲಕ್ಕೆ ಹೊಲಮನೆಗಳು ಹೋಗಿ ರೈತರು ಬೀದಿಗೆ ಬಿದ್ದರು. ಆ ಕಾಲದಲ್ಲಿ ಟೆಕ್ಸಾಸ್ ಸಂಸ್ಥಾನದ ಬಡ ಮನೆತನಗಳಲ್ಲಿ ಹುಟ್ಟಿದ ಕ್ಲೈಡ್ ಬ್ಯಾರೋ ಎಂಬ ಯುವಕನೂ ಬಾನಿ ಪಾರ್ಕರ್ ಎಂಬ ಯುವತಿಯೂ ಜತೆಗೂಡಿ, ಒಂದು ಸಣ್ಣ ಗುಂಪನ್ನು ಕಟ್ಟಿಕೊಂಡು, ೧೯೩೨ರಿಂದ ಎರಡು ವರ್ಷಕಾಲ ಮೋಟಾರಿನಲ್ಲಿ ಊರೂರು ಸುತ್ತುತ್ತ ಕಳ್ಳತನವನ್ನೂ ಕೊಲೆಯನ್ನೂ ಮಾಡಿದರು. ಬ್ಯಾಂಕುಗಳನ್ನು ದೋಚಿದರೆಂದು ಪ್ರಸಿದ್ಧಿಯಿದ್ದರೂ ಹೆಚ್ಚಾಗಿ ಅವರು ದೋಚಿದುದು ಪೆಟ್ರೋಲು ಮಾರುವ ಕಟ್ಟೆಗಳನ್ನೂ ಚಿಲ್ಲರೆ ಅಂಗಡಿಗಳನ್ನೂ. ಅವರ ಕೈಯಿಂದ ಸತ್ತವರು ೧೩ ಮಂದಿಯೆಂದೂ, ಅವರಲ್ಲಿ ೯ ಮಂದಿ ಪೊಲೀಸಿನವರೆಂದೂ ಲೆಕ್ಕ. ೧೯೩೩ರ ಏಪ್ರಿಲಿನಲ್ಲಿ ಮಿಸೌರಿ ಸಂಸ್ಥಾನದ ಜಾಪ್ಲಿನ್ ಎಂಬಲ್ಲಿ ಪೊಲೀಸಿನವರು ಮನೆಯನ್ನು ಮುತ್ತಿದಾಗ ಇವರು ತಪ್ಪಿಸಿಕೊಂಡು ಓಡಿದರು. ತಮ್ಮ ಕ್ಯಾಮರಾದ ಸುರುಳಿಗಳನ್ನು ಮಾತ್ರ ಬಿಟ್ಟುಹೋದರು. ಬಾನಿಯು ಬಾಯಲ್ಲಿ ಚುಟ್ಟಾ ಇಟ್ಟುಕೊಂಡು, ಕೈಯಲ್ಲಿ ಪಿಸ್ತೂಲು ಹಿಡಿದು, ಮೋಟಾರಿಗೆ ಒರಗಿ ನಿಂತ ಚಿತ್ರವು ಅವುಗಳಲ್ಲಿದ್ದಿತು. ವೃತ್ತಪತ್ರಿಕೆಗಳಲ್ಲಿ ಅದು ಅಚ್ಚಾಯಿತು. ಆಕೆ ಪದ್ಯವನ್ನೂ ಬರೆಯುತ್ತಿದ್ದಳು. ತಮ್ಮಿಬ್ಬರ ಕಥೆಯನ್ನು, ಬರಲಿರುವ ಸಾವನ್ನೂ ಸೇರಿಸಿ, ತಾನೇ ಪದ್ಯವಾಗಿ ಕಟ್ಟಿದ್ದಳು. ತಮ್ಮ ಪ್ರತಿಮೆಯನ್ನು ತಾವೇ ಕೆತ್ತಿಕೊಂಡವರಿವರು. ನಿಜವಾದ ಬಾನಿಯಾದರೋ ಅದೇ ವರ್ಷದ ಜೂನಿನಲ್ಲಿ ಮೋಟಾರು ಉರುಳಿ ಕಾಲು ಸುಟ್ಟುಕೊಂಡು, ಅಲ್ಲಿಂದ ಮುಂದೆ ನೆಟ್ಟಗೆ ನಡೆಯಲಾರದವಳಾಗಿದ್ದಳು. ೧೯೩೪ರ ಮೇ ೨೩ರಂದು ಲೂಯಿಸಿಯಾನಾ ಸಂಸ್ಥಾನದ ಒಂದು ಕಾಡುದಾರಿಯಲ್ಲಿ ಫ್ರಾಂಕ್ ಹೇಮರ್ ಎಂಬ ಹಳೆಯ ರೇಂಜರ್ ಅಧಿಕಾರಿಯೂ ಅವನೊಡನೆ ಇನ್ನೂ ಐದು ಮಂದಿಯೂ ಪೊದೆಯಲ್ಲಿ ಹೊಂಚಿ ಕುಳಿತು, ನೂರಕ್ಕೆ ಮೀರಿದ ಗುಂಡುಗಳನ್ನು ಹಾರಿಸಿ ಇಬ್ಬರನ್ನೂ ಮೋಟಾರಿನಲ್ಲಿಯೇ ಕೊಂದರು.

ಹಾಲಿವುಡ್ಡಿನ ಚಿತ್ರೋದ್ಯಮದವರು ತಾವಾಗಿ ಹಾಕಿಕೊಂಡಿದ್ದ ನೀತಿಸಂಹಿತೆಯು ಬಿಗಿಯಾಗಿ ಜಾರಿಗೆ ಬಂದುದೂ ಅದೇ ೧೯೩೪ನೆಯ ಇಸವಿಯ ಜುಲೈಯಲ್ಲಿ. ಅದಕ್ಕೆ ಮುಂಚೆ ‘ಲಿಟ್ಲ್ ಸೀಸರ್’, ‘ದಿ ಪಬ್ಲಿಕ್ ಎನಿಮಿ’, ‘ಸ್ಕಾರ್‌ಫೇಸ್’ ಮೊದಲಾದ ಪುಂಡರ ಚಿತ್ರಗಳು ಜನವನ್ನು ಮರುಳುಮಾಡಿದ್ದುವು. ಅಪರಾಧಿಯ ಮೇಲೆ ಪ್ರೇಕ್ಷಕನಿಗೆ ಅನುಕಂಪ ಹುಟ್ಟುವಂತೆ ತೋರಿಸಕೂಡದೆಂಬುದು ಸಂಹಿತೆಯ ಮುಖ್ಯ ವಿಧಿಗಳಲ್ಲೊಂದು. ಗುಂಡು ಹಾರಿಸುವವನನ್ನೂ ಗುಂಡು ತಗುಲಿದವನನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸದಿರುವುದು ಆ ಕಾಲದ ವಾಡಿಕೆ. ಒಬ್ಬನು ಹಾರಿಸುವನು, ಕ್ಯಾಮರಾ ತಿರುಗುವುದು, ಮತ್ತೊಬ್ಬನು ಎದೆಯ ಮೇಲೆ ಕೈಯಿಟ್ಟುಕೊಂಡು ಅಚ್ಚುಕಟ್ಟಾಗಿ ಬೀಳುವನು. ನಮ್ಮ ನಾಟ್ಯಶಾಸ್ತ್ರದಲ್ಲಿಯೂ ವಧವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದೆಂಬ ನಿಯಮವಿರುವುದನ್ನು ವಾಚಕರು ಬಲ್ಲರು. ಈ ಸಂಹಿತೆಯ ನೆರಳಿನಲ್ಲಿಯೇ ಬಾನಿ ಕ್ಲೈಡರ ಕಥೆಯ ಛಾಯೆಯುಳ್ಳ ಅನೇಕ ಚಿತ್ರಗಳು ಬಂದುವು: ೧೯೩೭ರಲ್ಲಿ ಫ್ರಿಟ್ಸ್ ಲಾಂಗನದು, ೧೯೫೦ರಲ್ಲಿ ‘ಗನ್ ಕ್ರೇಜಿ’, ೧೯೫೮ರಲ್ಲಿ ಬಾನಿಯ ಹೆಸರನ್ನೇ ಹೊತ್ತ ಒಂದು ಅಗ್ಗದ ಚಿತ್ರ. ಸಮುದ್ರದಾಚೆಯ ಫ್ರಾನ್ಸಿನಲ್ಲಿ ಇಂಥ ಅಗ್ಗದ ಚಿತ್ರಗಳನ್ನು ಭಕ್ತಿಯಿಂದ ನೋಡುವ ತರುಣರ ಗುಂಪೊಂದಿದ್ದಿತು. ಅವರಲ್ಲೊಬ್ಬನಾದ ಗೊದಾರನು ೧೯೬೦ರಲ್ಲಿ ತೆರೆಗೆ ತಂದ ‘ಬ್ರೆತ್‌ಲೆಸ್’ ಚಿತ್ರವನ್ನು ಅಮೆರಿಕದ ಮಾನೊಗ್ರಾಂ ಎಂಬ ಬಡ ಕಂಪೆನಿಗೆ ಅರ್ಪಿಸಿದನು.

ಆ ಫ್ರೆಂಚ್ ಚಿತ್ರಗಳನ್ನು ನೋಡಿ ಮನಸೋತವರು ‘ಎಸ್ಕ್ವೈರ್’ ಪತ್ರಿಕೆಯಲ್ಲಿದ್ದ ಡೇವಿಡ್ ನ್ಯೂಮನ್ ಮತ್ತು ರಾಬರ್ಟ್ ಬೆಂಟನ್ ಎಂಬ ಇಬ್ಬರು ಮಿತ್ರರು. ಬೆಂಟನನು ಟೆಕ್ಸಾಸಿನವನು, ಬಾನಿ ಕ್ಲೈಡರ ಕಥೆಯನ್ನು ಕೇಳುತ್ತಲೇ ಬೆಳೆದವನು. ಇವರು ಬರೆದ ಚಿತ್ರಕಥೆಯು ಮೊದಲು ತ್ರುಫೋ ಎಂಬ ಫ್ರೆಂಚ್ ನಿರ್ದೇಶಕನಿಗೂ ಆಮೇಲೆ ಗೊದಾರನಿಗೂ ಹೋಗಿ, ಇಬ್ಬರಿಂದಲೂ ಹಿಂದಿರುಗಿ, ಕೊನೆಗೆ ವಾರೆನ್ ಬೇಟಿ ಎಂಬ ನಟನ ಕೈ ಸೇರಿತು. ಅವನೇ ನಿರ್ಮಾಪಕನಾಗಿ, ಆರ್ಥರ್ ಪೆನ್ನನನ್ನು ನಿರ್ದೇಶನಕ್ಕೆ ಒಪ್ಪಿಸಿ, ತಾನೇ ಕ್ಲೈಡನಾಗಿ, ಆಗ ಇನ್ನೂ ಹೆಸರಾಗದಿದ್ದ ಫೇ ಡನವೇ ಎಂಬಾಕೆಯನ್ನು ಬಾನಿಯಾಗಿ ಮಾಡಿದನು. ವೆಚ್ಚವು ಸುಮಾರು ೨೫ ಲಕ್ಷ ಡಾಲರು. ಇದು ನಮಗೆ ದೊಡ್ಡ ಮೊತ್ತವಾಗಿ ಕಂಡರೂ ಹಾಲಿವುಡ್ಡಿನ ಲೆಕ್ಕದಲ್ಲಿ ಬಡತನವೇ. ಅದೇ ವರ್ಷ ಅದೇ ವಾರ್ನರ್ ಕಂಪೆನಿಯವರು ‘ಕ್ಯಾಮಲಾಟ್’ ಎಂಬ ರಾಜವೈಭವದ ಚಿತ್ರಕ್ಕೆ ಒಂದು ಕೋಟಿ ಡಾಲರಿಗೂ ಮಿಗಿಲಾಗಿ ಸುರಿದರು. ಸ್ಟುಡಿಯೋದಲ್ಲಿ ಊರು ಕಟ್ಟಿಸುವ ಬದಲು ಇವರು ಟೆಕ್ಸಾಸಿನ ಸಣ್ಣ ಊರುಗಳಿಗೇ ಹೋಗಿ, ೧೯೩೦ರ ಕಾಲದಿಂದ ಹೆಚ್ಚಾಗಿ ಬದಲಾಗದಿದ್ದ ಬೀದಿಗಳಲ್ಲಿ ಚಿತ್ರ ತೆಗೆದರು. ಬಾನಿಯ ತಾಯಿಯ ಪಾತ್ರವನ್ನು ವಹಿಸಿದಾಕೆ ನಟಿಯಲ್ಲ. ಚಿತ್ರೀಕರಣವನ್ನು ನೋಡಲು ಬಂದು ನಿಂತಿದ್ದ ಅಲ್ಲಿಯ ಶಾಲೆಯ ಉಪಾಧ್ಯಾಯಿನಿ. ನನ್ನ ವೃತ್ತಿಯವರಾದ್ದರಿಂದ ಈ ಸಂಗತಿಯನ್ನು ಬಿಡಲಾರದೆ ಬರೆದಿದ್ದೇನೆ. ಮುದಿ ಯಜಮಾನ ಜಾಕ್ ವಾರ್ನರನಿಗೆ ಸಿದ್ಧವಾದ ಚಿತ್ರವು ಹಿಡಿಸಲಿಲ್ಲ. ಅದರಿಂದ ಲಾಭ ಬಂದೀತೆಂಬ ನಂಬಿಕೆಯೂ ಕಂಪೆನಿಗಿರಲಿಲ್ಲ.

ಇನ್ನು ಚಿತ್ರ. ಮನೆಯನ್ನು ಬ್ಯಾಂಕಿಗೆ ಕಳೆದುಕೊಂಡ ರೈತನೊಬ್ಬನು ಕೊನೆಯ ಸಲ ಅದನ್ನು ನೋಡಿಹೋಗಲು ಬರುತ್ತಾನೆ. ಕ್ಲೈಡನು ತನ್ನ ಪಿಸ್ತೂಲನ್ನು ಅವನ ಕೈಗೆ ಕೊಡುತ್ತಾನೆ. ರೈತನು ಬ್ಯಾಂಕಿನವರು ನೆಟ್ಟ ಹಲಗೆಗೆ ಗುಂಡು ಹೊಡೆದು, ತನ್ನ ಹಳೆಯ ಆಳಿನ ಕೈಯಿಂದಲೂ ಕಿಟಕಿಗೆ ಹೊಡೆಸಿ, ಸಂತೋಷಪಡುತ್ತಾನೆ. ತಾನು ಬ್ಯಾಂಕು ದೋಚುವವನೆಂದು ಕ್ಲೈಡನು ಆಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಆದರೆ ಅವನು ದೋಚಲು ನುಗ್ಗಿದ ಮೊದಲನೆಯ ಬ್ಯಾಂಕು ಮೂರು ವಾರದ ಹಿಂದೆಯೇ ದಿವಾಳಿಯೆದ್ದಿದೆ, ಒಳಗೆ ಕಾಸಿಲ್ಲ. ಈ ಅವಮಾನವನ್ನು ಬಾನಿಗೆ ಹೇಗೆ ಹೇಳುವುದೆಂದು ತಿಳಿಯದೆ, ಗುಮಾಸ್ತನನ್ನೇ ಹೊರಗೆಳೆದು ತಂದು ಅವನ ಬಾಯಿಂದಲೇ ಹೇಳಿಸುತ್ತಾನೆ. ಆಕೆ ಬಿದ್ದು ಬಿದ್ದು ನಗುತ್ತಾಳೆ, ನಾವೂ ನಗುತ್ತೇವೆ. ಹಿನ್ನೆಲೆಯಲ್ಲಿ ಬ್ಯಾಂಜೊ ವಾದ್ಯವು ಕುಣಿದಾಡುತ್ತದೆ. ಆಮೇಲೆ ಮತ್ತೊಂದು ಬ್ಯಾಂಕು. ಇಬ್ಬರೂ ಒಳಗೆ ಹೋಗಿರುವಾಗ, ಮೋಟಾರನ್ನು ಕಾಯಬೇಕಾದ ಮಂಕು ಹುಡುಗನು ಅದನ್ನು ಎರಡು ವಾಹನಗಳ ನಡುವಣ ಇಕ್ಕಟ್ಟಿನಲ್ಲಿ ಅಚ್ಚುಕಟ್ಟಾಗಿ ನಿಲ್ಲಿಸಿಬಿಡುತ್ತಾನೆ! ಅವರು ಹಣದ ಚೀಲ ಹಿಡಿದು ಓಡಿಬಂದರೆ ಮೋಟಾರು ಈಚೆಗೆ ಬಾರದು. ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಗುದ್ದಾಡಿ ಹೊರಬರುವಷ್ಟರಲ್ಲಿ ಬ್ಯಾಂಕಿನ ವೃದ್ಧ ನೌಕರನೊಬ್ಬನು ಮೋಟಾರಿನ ಪಕ್ಕದ ಹಲಗೆಯ ಮೇಲೆ ಹತ್ತಿ ಕಿಟಕಿಗೆ ಮುಖವಿಟ್ಟು ನಿಲ್ಲುತ್ತಾನೆ. ಕ್ಲೈಡನು ಗಾಬರಿಯಿಂದ ಗುಂಡು ಹಾರಿಸುತ್ತಾನೆ. ಗಾಜು ಒಡೆಯುತ್ತದೆ, ಮುದುಕನ ಮುಖ ರಕ್ತವಾಗುತ್ತದೆ. ಹಾರಿಸಿದವನೂ ಸತ್ತವನೂ ಒಂದೇ ಚೌಕಟ್ಟಿನಲ್ಲಿ. ಕ್ಯಾಮರಾ ತಿರುಗುವುದಿಲ್ಲ. ನಾನು ಎದ್ದುಹೋದುದು ಇಲ್ಲಿಯೇ.

೧೯೬೭ರ ಆಗಸ್ಟ್ ೪ರಂದು ಕೆನಡಾದ ಮಾಂಟ್ರಿಯಲ್ ನಗರದ ಚಿತ್ರೋತ್ಸವದಲ್ಲಿ ಇದು ಮೊದಲು ಪ್ರದರ್ಶಿತವಾಯಿತು. ಸಭಿಕರು ಆರ್ಭಟಿಸಿ ಕೈತಟ್ಟಿದರು. ಆ ಸಭೆಯಲ್ಲಿ ಕೈತಟ್ಟದೆ ಕುಳಿತಿದ್ದವನು ‘ದಿ ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಬಾಸ್ಲೆ ಕ್ರೌದರನು. ಅಲ್ಲಿಂದಲೇ ಒಂದು ಖಂಡನೆಯನ್ನು ಬರೆದು ಕಳುಹಿಸಿದನು. ಚಿತ್ರವು ನ್ಯೂಯಾರ್ಕಿಗೆ ಬಂದ ಮರುದಿನ, ಆಗಸ್ಟ್ ೧೪ರಂದು, ವಿಮರ್ಶೆಯನ್ನು ಪ್ರಕಟಿಸಿ, ಇದು ಅಗ್ಗದ ಕೋಡಂಗಿಯಾಟವೆಂದೂ, ನೀಚ ಕೊಲೆಗಡುಕರನ್ನು ವಿನೋದಪಾತ್ರಗಳನ್ನಾಗಿ ಮಾಡಿದೆಯೆಂದೂ, ಹಾಸ್ಯವನ್ನೂ ಕ್ರೂರವಾದ ಕೊಲೆಯನ್ನೂ ಬೆರಸಿರುವುದು ಅರ್ಥವಿಲ್ಲದ ಅಭಿರುಚಿದೋಷವೆಂದೂ ಹೇಳಿದನು. ಅವನ ಮೇಲೆ ವಾಚಕರ ಪತ್ರಗಳು ರಾಶಿ ಬಿದ್ದುವು. ಅವನು ಬಗ್ಗಲಿಲ್ಲ, ಸೆಪ್ಟೆಂಬರ್ ೩ರ ಭಾನುವಾರದ ಸಂಚಿಕೆಯಲ್ಲಿ ಮೂರನೆಯ ಸಲ ಖಂಡಿಸಿದನು.

ಈ ಕ್ರೌದರನನ್ನು ಸಂಪ್ರದಾಯಶರಣನಾದ ಮುದುಕನೆಂದು ಹಗುರವಾಗಿ ತಳ್ಳಿಹಾಕುವವರಿದ್ದಾರೆ. ಅದು ಅನ್ಯಾಯ. ೧೯೪೦ರಿಂದ ಆ ಪತ್ರಿಕೆಯ ಚಿತ್ರವಿಮರ್ಶಕನಾಗಿದ್ದ ಇವನು ಇಟಲಿಯ ರೊಸೆಲ್ಲಿನಿ, ಡಿ ಸೀಕಾ ಮೊದಲಾದವರ ಚಿತ್ರಗಳನ್ನು ಅಮೆರಿಕದವರು ಆದರಿಸುವಂತೆ ಮಾಡಿದವರಲ್ಲಿ ಪ್ರಮುಖನು. ರೊಸೆಲ್ಲಿನಿಯ ‘ದಿ ಮಿರಾಕಲ್’ ಚಿತ್ರವು ಧರ್ಮನಿಂದೆಯೆಂದು ನ್ಯೂಯಾರ್ಕಿನಲ್ಲಿ ನಿಷೇಧಕ್ಕೊಳಗಾದಾಗ ಅದರ ಪಕ್ಷವನ್ನು ಹಿಡಿದು ಬರೆದನು. ೧೯೫೨ರಲ್ಲಿ ಅಮೆರಿಕದ ಶ್ರೇಷ್ಠ ನ್ಯಾಯಾಲಯವು ಚಲಚ್ಚಿತ್ರಕ್ಕೂ ವಾಕ್‌ಸ್ವಾತಂತ್ರ್ಯದ ರಕ್ಷಣೆಯುಂಟೆಂದು ತೀರ್ಪಿತ್ತುದು ಆ ವ್ಯಾಜ್ಯದಲ್ಲಿಯೇ. ಸೆನ್ಸಾರಿನ ಕತ್ತರಿಗೆ ಎದುರಾಗಿ ಜೀವಮಾನವೆಲ್ಲ ಹೋರಾಡಿದವನು ಅವನು. ಆದರೆ ಅವನ ಕಣ್ಣಿಗೆ ಒಂದು ಮಿತಿಯಿದ್ದುದೂ ನಿಜ. ನಮ್ಮ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ಯು ೧೯೫೮ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡಾಗ, ಇಷ್ಟು ಸಡಿಲವಾದ ಕಟ್ಟು ಹಾಲಿವುಡ್ಡಿನ ಸಂಕಲನಕಾರರ ಕೈಯಲ್ಲಿ ಕರಡುಪ್ರತಿಯೆನಿಸಿಕೊಳ್ಳುವುದೂ ಕಷ್ಟವೆಂದು ಬರೆದವನು ಇವನೇ. ಅದೇ ವಿಮರ್ಶೆಯಲ್ಲಿಯೇ ಅದರ ಕರುಣವು ಮನಸ್ಸನ್ನು ಮುಟ್ಟುವುದೆಂದೂ ಒಪ್ಪಿಕೊಂಡನೆನ್ನಿ. ಆ ಚಿತ್ರವು ಅವನ ಮಾತನ್ನು ಮೀರಿ ಅಲ್ಲಿ ತಿಂಗಳುಗಟ್ಟಲೆ ಓಡಿತು. ತಾನು ಬಲ್ಲ ಕಟ್ಟಿಗೆ ಒಗ್ಗದುದನ್ನು ಕಂಡಾಗ, ಕಟ್ಟು ಬೇರೆಯಿದ್ದೀತೆಂಬ ಸಂಶಯಕ್ಕಿಂತ ಮೊದಲು ಕಟ್ಟೇ ಇಲ್ಲವೆಂಬ ತೀರ್ಮಾನವು ಅವನಿಗೆ ಬರುತ್ತಿದ್ದಿತು. ಇದು ಉಪಾಧ್ಯಾಯರಿಗೆ ಬರುವ ರೋಗ, ನಾನು ಬಲ್ಲೆ.

ಕ್ರೌದರನಿಗಿಂತಲೂ ನನ್ನನ್ನು ಹೆಚ್ಚಾಗಿ ಕಾಡಿದವನು ‘ನ್ಯೂಸ್‌ವೀಕ್’ ವಾರಪತ್ರಿಕೆಯ ವಿಮರ್ಶಕನಾದ ಜೋಸೆಫ್ ಮಾರ್ಗೆನ್‌ಸ್ಟರ್ನ್ ಎಂಬವನು. ಅವನೂ ಮೊದಲು ಚಿತ್ರವನ್ನು ಹಳಿದನು. ವಿಮರ್ಶೆಯನ್ನು ಬರೆದ ಮೇಲೆ ಹೆಂಡತಿಯೊಡನೆ ಸಾಮಾನ್ಯ ಪ್ರೇಕ್ಷಕರ ನಡುವೆ ಕುಳಿತು ಮತ್ತೊಮ್ಮೆ ನೋಡಿದನು. ನಗುತ್ತಿದ್ದ ಜನ ತಟಕ್ಕನೆ ಸ್ತಬ್ಧವಾಗುವುದನ್ನು ಕಂಡನು. ಮುಂದಿನ ವಾರದ ಸಂಚಿಕೆಯಲ್ಲಿ, ಹೋದ ವಾರ ತಾನು ಬರೆದುದು ಅನ್ಯಾಯವಾಗಿದ್ದಿತೆಂದು ಸ್ಪಷ್ಟವಾಗಿ ಹೇಳಿ, ಎರಡನೆಯ ವಿಮರ್ಶೆಯನ್ನು ಪ್ರಕಟಿಸಿದನು. ಲಕ್ಷಾಂತರ ವಾಚಕರಿರುವ ಪತ್ರಿಕೆಯಲ್ಲಿ, ಏಳು ದಿನಗಳೊಳಗೆ, ತನ್ನ ಮಾತನ್ನು ತಾನೇ ಹಿಂತೆಗೆದುಕೊಳ್ಳುವುದು ಸಣ್ಣ ಕೆಲಸವಲ್ಲ. ಹಾಗೆ ಮಾಡಿದುದರಿಂದ ಅವನ ಮಾನವೇನೂ ಕುಂದಲಿಲ್ಲ.

‘ಟೈಮ್’ ಪತ್ರಿಕೆಯೂ ಮೊದಲು ತೆಗಳಿ, ಡಿಸೆಂಬರ್ ೮ರ ಸಂಚಿಕೆಯ ಮುಖಪುಟದಲ್ಲಿ ರಾಷೆನ್‌ಬರ್ಗ್ ಎಂಬ ಚಿತ್ರಕಾರನ ಕೈಯಿಂದ ಬಾನಿ ಕ್ಲೈಡರ ಚಿತ್ರವನ್ನು ಮಾಡಿಸಿ ಹಾಕಿ, ಹೊಸ ಯುಗದ ಚಿತ್ರವೆಂದು ಸಾರಿತು. ಇದನ್ನು ಮನಃಪರಿವರ್ತನೆಯೆನ್ನಬೇಕೊ ಗಾಳಿ ಬಂದ ಕಡೆ ತೂರಿಕೊಂಡುದೆನ್ನಬೇಕೊ ತಿಳಿಯದು. ಶಿಕಾಗೋ ನಗರದಲ್ಲಿ, ವಿಮರ್ಶಕನಾಗಿ ಇನ್ನೂ ವರ್ಷ ತುಂಬದಿದ್ದ ರೋಜರ್ ಈಬರ್ಟ್ ಎಂಬ ತರುಣನು ಮೊದಲ ನೋಟಕ್ಕೇ ಅದನ್ನು ಶ್ರೇಷ್ಠಕೃತಿಯೆಂದು ಗುರುತಿಸಿದ್ದನು. ಆದರೆ ವಾದವನ್ನು ಶಾಸ್ತ್ರಬದ್ಧವಾಗಿ ಮಂಡಿಸಿದಾಕೆ ಪಾಲಿನ್ ಕೇಲ್. ಆಕೆಯ ದೀರ್ಘವಾದ ಲೇಖನವನ್ನು ‘ದಿ ನ್ಯೂ ರಿಪಬ್ಲಿಕ್’ ಪತ್ರಿಕೆಯವರು ಅಚ್ಚುಹಾಕಲು ಒಪ್ಪಲಿಲ್ಲ. ‘ದಿ ನ್ಯೂಯಾರ್ಕರ್’ ಪತ್ರಿಕೆಯು ಅಕ್ಟೋಬರ್ ೨೧ರ ಸಂಚಿಕೆಯಲ್ಲಿ ಅದನ್ನು ಪ್ರಕಟಿಸಿತು. ಮರುವರ್ಷ ಆಕೆಯನ್ನು ಅಲ್ಲಿಯ ವಿಮರ್ಶಕಿಯನ್ನಾಗಿಯೂ ನೇಮಿಸಿಕೊಂಡಿತು. ಆಕೆಯ ವಾದದ ತಿರುಳಿದು: ಹಾಸ್ಯವು ಈ ಚಿತ್ರದಲ್ಲಿ ಕೊಲೆಯನ್ನು ಮರೆಸುವುದಕ್ಕಾಗಿ ಬಂದುದಲ್ಲ. ಪ್ರೇಕ್ಷಕನನ್ನು ನಗಿಸಿ ನಗಿಸಿ ಕೊಲೆಗಾರರ ಮೋಟಾರಿನಲ್ಲಿ ಕೂಡಿಸಿಕೊಂಡು, ಗುಂಡು ಹಾರಿದ ಮೇಲೆ ಇಳಿಯಲಾಗದಂತೆ ಮಾಡುವುದಕ್ಕಾಗಿ ಬಂದುದು. ನಕ್ಕವನು ತನ್ನ ನಗುವಿಗೆ ತಾನೇ ಉತ್ತರ ಹೇಳಬೇಕು.

ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಏಕೆಂದರೆ ಈ ವ್ಯಾಜ್ಯವು ನಮ್ಮ ಆಲಂಕಾರಿಕರಲ್ಲಿ ಬಹು ಹಿಂದೆಯೇ ಬಂದು ಹೋಗಿದೆ. ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿಗಳೆಂದು ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಎಣಿಸಿದ್ದಾನೆ. ಕ್ರೌದರನು ಸಂಸ್ಕೃತವನ್ನು ಓದದೆಯೇ ಈ ಸೂತ್ರವನ್ನು ಹಿಡಿದಿದ್ದನು. ನಾನು ಓದಿ ಹಿಡಿದಿದ್ದೆನು. ಇಬ್ಬರೂ ಅಷ್ಟಕ್ಕೇ ನಿಂತೆವು. ಆನಂದವರ್ಧನನು ಅಷ್ಟಕ್ಕೆ ನಿಲ್ಲುವುದಿಲ್ಲ. ವಿರೋಧಿರಸಗಳನ್ನು ಒಂದೆಡೆ ತರಬೇಕಾದಾಗ ಕವಿಗೆ ಉಪಾಯಗಳುಂಟೆಂದು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ವಿಸ್ತಾರವಾಗಿ ಹೇಳುತ್ತಾನೆ. ಎರಡರ ನಡುವೆ ಮೂರನೆಯ ರಸವೊಂದನ್ನು ತಂದು ನಿಲ್ಲಿಸುವುದು ಒಂದು ಉಪಾಯ. ನಾಗಾನಂದ ನಾಟಕದಲ್ಲಿ ಶಾಂತ ಶೃಂಗಾರಗಳ ನಡುವೆ ಅದ್ಭುತವು ಬಂದು ನಿಂತಂತೆ. ಈ ಚಿತ್ರದಲ್ಲಿ ಅಂಥ ತಡೆಯೇನೂ ಇಲ್ಲ. ನಗುವಿನ ಬೆನ್ನಿಗೇ ರಕ್ತ. ಮತ್ತೊಂದು ಉಪಾಯವು ಒಂದು ರಸವನ್ನು ಇನ್ನೊಂದಕ್ಕೆ ಅಂಗವಾಗಿ ಮಾಡುವುದು. ಇದಕ್ಕೆ ಅವನು ಕೊಡುವ ಉದಾಹರಣೆಯು ಮಹಾಭಾರತದ ಸ್ತ್ರೀಪರ್ವದ್ದು. ಯುದ್ಧ ಮುಗಿದ ಕಣದಲ್ಲಿ ಭೂರಿಶ್ರವಸನ ಹೆಂಡತಿಯು ಗಂಡನ ಕಡಿದುಬಿದ್ದ ಕೈಯನ್ನು ಎತ್ತಿಕೊಂಡು, ಆ ಕೈಯು ಹಿಂದೆ ತನ್ನೊಡನೆ ಮಾಡಿದ ಸರಸವನ್ನು ನೆನೆದು ಅಳುತ್ತಾಳೆ. ಶೃಂಗಾರವೂ ಕರುಣವೂ ಒಂದೇ ಮಾತಿನಲ್ಲಿ ಕೂಡಿವೆ. ದೋಷವಾಯಿತೆ? ಇಲ್ಲ. ಹಿಂದಿನ ಸುಖದ ನೆನಪೇ ಈಗಿನ ಶೋಕವನ್ನು ಇಮ್ಮಡಿ ಮಾಡುತ್ತದೆ. ಶೃಂಗಾರವು ಕರುಣಕ್ಕೆ ಅಂಗವಾಯಿತು.

ಹುಡುಗರಿಗೆ ಈ ಉದಾಹರಣೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಮಗಳ ಮನೆಯಲ್ಲಿ ಅದು ನೆನಪಿಗೆ ಬರಲಿಲ್ಲ. ಎರಡನೆಯ ಸಲ ನೋಡಿದಾಗ, ಕೊನೆಯವರೆಗೂ ಕುಳಿತಾಗ, ತಿಳಿಯಿತು. ಮುದುಕನನ್ನು ಕೊಂದ ಮೇಲೆ ಮೂವರೂ ಒಂದು ಸಿನಿಮಾಮಂದಿರದೊಳಗೆ ಅವಿತುಕೊಳ್ಳುತ್ತಾರೆ. ತೆರೆಯ ಮೇಲೆ ಹಣದ ಹಾಡು, ಕುಣಿತ. ಕ್ಲೈಡನು ಮೋಟಾರು ನಿಲ್ಲಿಸಿದ ಹುಡುಗನನ್ನು ಬೈದು ನಡುಗುತ್ತಿದ್ದಾನೆ. ಬಾನಿಯು ಹಾಡಿನಲ್ಲಿ ಮೈಮರೆತಿದ್ದಾಳೆ. ಅಲ್ಲಿಂದ ಮುಂದೆ ಹಾಸ್ಯವು ಒಂದೊಂದಾಗಿ ಕಳಚಿಹೋಗುತ್ತದೆ. ತಾಯಿಯನ್ನು ನೋಡಲು ಬಾನಿಯು ಹೋಗುವ ದೃಶ್ಯವು ಮಂಜಿನೊಳಗೆ ನಡೆದಂತಿದೆ. ಇಲ್ಲಿಗೆ ಹತ್ತಿರ ಬಂದು ಮನೆಮಾಡಿದರೆ ನೀನು ಬದುಕಿರುವುದಿಲ್ಲವೆಂದು ಆ ತಾಯಿ ಒಣ ದನಿಯಲ್ಲಿ ಹೇಳುತ್ತಾಳೆ. ನಟನೆ ಬಾರದ ಆ ಉಪಾಧ್ಯಾಯಿನಿಯಷ್ಟು ಚೆನ್ನಾಗಿ ಇದನ್ನು ಯಾವ ನಟಿಯೂ ಹೇಳಲಾರಳೆಂದು ನನ್ನ ಅಭಿಪ್ರಾಯ. ಕೊನೆಯ ಹೊಂಚಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಒಂದು ಕ್ಷಣ ನೋಡುತ್ತಾರೆ. ಆಮೇಲೆ ಗುಂಡಿನ ಮಳೆ. ನಾಲ್ಕು ಕ್ಯಾಮರಾಗಳನ್ನು ಬೇರೆ ಬೇರೆ ವೇಗದಲ್ಲಿ ನಡೆಸಿ ತೆಗೆದುದನ್ನು ಡೀಡೀ ಆಲನ್ ಎಂಬಾಕೆಯು ಕತ್ತರಿಸಿ ಜೋಡಿಸಿದ್ದಾಳೆ. ಒಂದು ನಿಮಿಷಕ್ಕಿಂತ ಕಡಿಮೆಯಾದ ಆ ಸಾವು ತಟಕ್ಕನೆಯೂ ನಿಧಾನವಾಗಿಯೂ ಒಟ್ಟಿಗೇ ನಡೆಯುತ್ತದೆ. ಸಂಗೀತವಿಲ್ಲ, ಉಪದೇಶವಿಲ್ಲ, ತೆರೆ ಕಪ್ಪಾಗುತ್ತದೆ. ಭೂರಿಶ್ರವಸನ ಪ್ರಸಂಗದಲ್ಲಿ ಸುಖವನ್ನು ನೆನೆಯುವವಳು ಅವನ ಹೆಂಡತಿ. ಇಲ್ಲಿ ನೆನೆಯಬೇಕಾದವನು ಪ್ರೇಕ್ಷಕನೇ. ಮೊದಲ ಅರ್ಧ ಗಂಟೆಯ ನನ್ನ ನಗುವೇ ಈ ಕರುಣಕ್ಕೆ ಅಂಗ. ನನಗೆ ಅಂದು ಆದ ಹೇಸಿಗೆಯನ್ನು ನಿರ್ದೇಶಕನು ಬೇಕೆಂದೇ ತಂದಿದ್ದನು. ನಾನು ಅದನ್ನು ಅವನ ತಪ್ಪೆಂದು ಎಣಿಸಿ ಎದ್ದುಹೋದೆನು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಬಹಳ ವರ್ಷಗಳ ಹಿಂದೆ ಒಂಬತ್ತನೆಯ 
ತರಗತಿಯ ಹುಡುಗನೊಬ್ಬನು, ‘ಮರೆಯಲಾಗದ ದಿನ’ ಎಂಬ ಪ್ರಬಂಧದಲ್ಲಿ ತನ್ನ ಅಜ್ಜಿಯು ತೀರಿಕೊಂಡ ದಿನವನ್ನು ಬರೆದಿದ್ದನು. ಚಟ್ಟವನ್ನು ಎತ್ತುವ ಹೊತ್ತಿಗೆ ಕೊಟ್ಟಿಗೆಯ ಕರು ಹಗ್ಗ ಕಿತ್ತುಕೊಂಡು ಬಂದು, ಅಂಗಳದಲ್ಲೆಲ್ಲ ಕುಣಿದು, ಪುರೋಹಿತರ ಪಂಚೆಯ ಚುಂಗನ್ನು ಬಾಯಲ್ಲಿ ಹಿಡಿಯಿತಂತೆ. ಅಳುತ್ತಿದ್ದವರೆಲ್ಲ ನಕ್ಕರಂತೆ. ನಗು ನಿಂತ ಮೇಲೆ ನೋಡಿದರೆ, ಆ ಕರುವಿಗೆ ದಿನವೂ ಹುಲ್ಲು ಹಾಕುತ್ತಿದ್ದವಳು ಅಜ್ಜಿಯೇ ಎಂಬುದು ನೆನಪಾಗಿ ಯಾರಿಗೂ ಮುಖ ಎತ್ತಲಾಗಲಿಲ್ಲವಂತೆ. ನಾನು ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ರಸವಿರೋಧ, ಅನುಚಿತ’ ಎಂದು ಬರೆದು ೧೦ಕ್ಕೆ ೩ ಅಂಕ ಹಾಕಿದೆನು. ಹುಡುಗನು ಏನೂ ಹೇಳದೆ ಪುಸ್ತಕ ತೆಗೆದುಕೊಂಡು ಹೋದನು. ಮಾರ್ಗೆನ್‌ಸ್ಟರ್ನನಿಗೆ ಒಂದು ವಾರ ಸಾಕಾಯಿತು. ನನಗೆ ಮೂವತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಹುಡುಗನೆಲ್ಲಿ, ಪುಸ್ತಕವೆಲ್ಲಿ?

ಇಷ್ಟು ಹೇಳಿದ ಮಾತ್ರಕ್ಕೆ ಕ್ರೌದರನ ವಾದವೆಲ್ಲ ಬಿದ್ದುಹೋಯಿತೆಂದು ತಿಳಿಯಬಾರದು. ಚಿತ್ರದ ಮುಂದಿನ ಭಾಗ್ಯವೇ ಅವನ ಕಡೆಗೆ ಸ್ವಲ್ಪ ಸಾಕ್ಷಿ ಹೇಳುತ್ತದೆ. ಲಂಡನ್ನಿನಲ್ಲಿ ಅದು ವಿಪರೀತ ಜನಪ್ರಿಯವಾಯಿತು. ಬಾನಿಯ ಉದ್ದ ಲಂಗವೂ ಬೆರೆ ಎಂಬ ಟೊಪ್ಪಿಗೆಯೂ ಹೆಂಗಸರ ಹೊಸ ಉಡುಗೆಯಾದುವು. ಅವರ ಮೇಲೆ ಕಟ್ಟಿದ ಒಂದು ಲಾವಣಿಯು ೧೯೬೮ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಹಾಡಾಯಿತು. ಅಂಗವಾಗಿದ್ದ ರಸವನ್ನು ಅಂಗಿಯಿಂದ ಕಿತ್ತು ಮನೆಗೆ ಒಯ್ದವರು ಬಹುಮಂದಿ. ಕವಿಯು ಎಷ್ಟು ಎಚ್ಚರದಿಂದ ಕಟ್ಟಿದರೂ ಎಲ್ಲರೂ ಸಹೃದಯರಾಗಿ ನೋಡುವುದಿಲ್ಲ. ಆ ವರ್ಷದ ಬೇಸಗೆಯಲ್ಲಿ ನ್ಯೂಆರ್ಕ್, ಡೆಟ್ರಾಯಿಟ್ ನಗರಗಳಲ್ಲಿ ದಂಗೆಗಳಾಗಿದ್ದುವು. ವಿಯೆಟ್ನಾಮಿನ ಯುದ್ಧವು ದಿನವೂ ಟೆಲಿವಿಷನ್ನಿನಲ್ಲಿ ಕಾಣುತ್ತಿದ್ದಿತು. ಅಂಥ ಕಾಲದಲ್ಲಿ ಹಿರಿಯನೊಬ್ಬನು ರಕ್ತವನ್ನು ಕಂಡು ಬೆದರಿದರೆ ಅವನನ್ನು ಹಾಸ್ಯಮಾಡಲಾರೆ.

೧೯೬೭ರ ಕೊನೆಗೆ ಕ್ರೌದರನು ತನ್ನ ಸ್ಥಾನವನ್ನು ಬಿಟ್ಟನು. ಅವನಿಗಾಗ ೬೨ ವರ್ಷ. ಈ ಚಿತ್ರವೊಂದೇ ಕಾರಣವೆಂದು ಕಥೆ ಕಟ್ಟಿದವರುಂಟು. ೨೭ ವರ್ಷ ಒಂದೇ ಕುರ್ಚಿಯಲ್ಲಿ ಕುಳಿತವನನ್ನು ಎಬ್ಬಿಸಲು ಯಜಮಾನರಿಗೆ ನೆವಗಳಿಗೆ ಬರವಿಲ್ಲ. ರೆನಾಟಾ ಆಡ್ಲರ್ ಎಂಬ ಯುವತಿಯು ಆ ಸ್ಥಾನಕ್ಕೆ ಬಂದಳು. ಚಿತ್ರಕ್ಕೆ ಹತ್ತು ವಿಭಾಗಗಳಲ್ಲಿ ಆಸ್ಕರ್ ಪಾರಿತೋಷಕದ ನಾಮನಿರ್ದೇಶನವಾಗಿ, ೧೯೬೮ರ ಏಪ್ರಿಲ್ ೧೦ರಂದು ಎರಡು ದೊರೆತುವು: ಕ್ಲೈಡನ ಅತ್ತಿಗೆಯ ಪಾತ್ರ ಮಾಡಿದ ಎಸ್ಟೆಲ್ ಪಾರ್ಸನ್ಸಳಿಗೆ ಒಂದು, ಛಾಯಾಗ್ರಾಹಕ ಬರ್ನೆಟ್ ಗಫಿಗೆ ಒಂದು. ಮಾರ್ಟಿನ್ ಲೂಥರ್ ಕಿಂಗನ ಕೊಲೆಯಿಂದಾಗಿ ಆ ಸಮಾರಂಭವೇ ಎರಡು ದಿನ ಮುಂದಕ್ಕೆ ಹೋಗಿದ್ದಿತು. ಮರುಬಿಡುಗಡೆಯಾದ ಚಿತ್ರವು ಅಮೆರಿಕದಲ್ಲಿಯೇ ಸುಮಾರು ೫ ಕೋಟಿ ಡಾಲರು ಗಳಿಸಿತು. ಆ ವರ್ಷದ ನವೆಂಬರಿನಲ್ಲಿ ಹಳೆಯ ನೀತಿಸಂಹಿತೆಯನ್ನು ತೆಗೆದುಹಾಕಿ, ಪ್ರೇಕ್ಷಕರ ವಯಸ್ಸಿಗೆ ತಕ್ಕಂತೆ ಚಿತ್ರಗಳನ್ನು ವಿಂಗಡಿಸುವ ಪದ್ಧತಿಯನ್ನು ತಂದರು.

ಕ್ರೌದರನು ಎತ್ತಿದ ಮತ್ತೊಂದು ಆಕ್ಷೇಪಣೆಗೆ, ಎಂದರೆ ಚಿತ್ರವು ಇತಿಹಾಸವನ್ನು ಕೆಡಿಸಿದೆಯೆಂಬುದಕ್ಕೆ, ಕೇಲಳ ಪಕ್ಷದವರು ಕೊಟ್ಟ ಸಮಾಧಾನವು ನನಗೆ ಒಪ್ಪಿಗೆಯಾಗಲಿಲ್ಲ. ಕವಿಯು ಕಥೆಯನ್ನು ಬದಲಿಸಬಹುದು. ಕಾಳಿದಾಸನೂ ಶಕುಂತಲೆಯ ಕಥೆಯನ್ನು ಬದಲಿಸಿದನು. ಆದರೆ ಈ ಚಿತ್ರದಲ್ಲಿ ಹೇಮರ್ ಅಧಿಕಾರಿಯನ್ನು ಬಾನಿ ಕ್ಲೈಡರು ಸೆರೆಹಿಡಿದು, ಗೇಲಿಮಾಡಿ, ಜತೆಯಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಯುತ್ತಾರೆ. ಆ ಅವಮಾನದ ಸೇಡಿನಿಂದ ಅವನು ಅವರನ್ನು ಬೇಟೆಯಾಡಿದಂತೆ ತೋರಿಸಲಾಗಿದೆ. ಇದು ನಡೆದುದೇ ಇಲ್ಲ. ಹೊಂಚು ಹಾಕಿದ ಆ ದಿನಕ್ಕಿಂತ ಮುಂಚೆ ಹೇಮರನು ಅವರನ್ನು ಎದುರುಬದುರಾಗಿ ಕಂಡವನೇ ಅಲ್ಲ. ೧೯೫೫ರಲ್ಲಿ ತೀರಿಕೊಂಡಿದ್ದ ಅವನು ಉತ್ತರ ಹೇಳಲು ಇರಲಿಲ್ಲ. ಅವನ ಹೆಂಡತಿಯೂ ಮಗನೂ ಮಾನಹಾನಿಯ ದಾವೆ ಹೂಡಿದರು. ೧೯೭೧ರಲ್ಲಿ ಕಂಪೆನಿಯವರು ನ್ಯಾಯಾಲಯದ ಹೊರಗೆ ರಾಜಿಮಾಡಿಕೊಂಡರು. ಚಿತ್ರದಲ್ಲಿ ಆ ದೃಶ್ಯವು ಹಾಗೆಯೇ ಇದೆ. ೨೦೧೯ರಲ್ಲಿ ‘ದಿ ಹೈವೇಮೆನ್’ ಎಂಬ ಚಿತ್ರವೊಂದು ಬಂದು, ಇದೇ ಕಥೆಯನ್ನು ಹೇಮರನ ಕಡೆಯಿಂದ ಹೇಳಿತು. ಅಳಿಯಂದಿರು ಅದನ್ನೂ ಹಾಕಿ ತೋರಿಸುವುದಾಗಿ ಹೇಳಿದ್ದಾರೆ.